ಶೀತದೇಶ ಫಲವೃಕ್ಷ ಮೀಮಾಂಸೆ: ಮಿನ್ನೆಸೋಟ ಪ್ರಕರಣ

ಅನುಬಂಧ ಚತುಷ್ಟಯ

ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳದೆ ಶಾಸ್ತ್ರಗ್ರಂಥ ಆರಂಭಿಸಬಾರದೆಂಬುದು ಹಿರಿಯರ ಕಟ್ಟಪ್ಪಣೆ. ವಿಷಯ: ಚಳಿನಾಡಿನಲ್ಲಿ ಹಣ್ಣಿನ ಮರ. ಪ್ರಯೋಜನ: ಹಣ್ಣು. ಸಂಬಂಧ: ನೆಟ್ಟರೆ ಹಿತ್ತಲು, ನೆಡದಿದ್ದರೆ ಅಂಗಡಿ. ಅಧಿಕಾರಿ: ಅಮೆರಿಕದ ಮಿನ್ನೆಸೋಟದಲ್ಲಿ ಮೂವತ್ತು ವರ್ಷದ ಸಾಲಕ್ಕೆ ಮನೆ ಕೊಂಡು, ಹಿತ್ತಲಿಗೆ ಕಾಲಿಟ್ಟೊಡನೆ ‘ಇಲ್ಲೊಂದು ಬಾದಾಮಿ ಮಾವು ಇದ್ದಿದ್ದರೆ’ ಎಂದು ನಿಟ್ಟುಸಿರು ಬಿಡುವ ಕನ್ನಡಿಗ. ಅವನಲ್ಲಿ ಶಮದಮಾದಿ ಗುಣಗಳು ಇರಲೇಬೇಕೆಂದಿಲ್ಲ. ಗುದ್ದಲಿ, ತಂತಿಬಲೆ, ತಾಳ್ಮೆ ಇದ್ದರೆ ಸಾಕು.

ದೇಶನಿರ್ಣಯ

ಉಷ್ಣಾಂಶದ ವಿಚಾರದಲ್ಲಿ ಲೋಕದಲ್ಲಿ ಎರಡು ಮತಗಳಿವೆ: ಸೆಲ್ಸಿಯಸ್ ಮತ, ಫ್ಯಾರನ್‌ಹೀಟ್ ಮತ. ಸದಾ ಕಚ್ಚಾಡುವ ಇವೆರಡೂ ಮೈನಸ್ 40ರಲ್ಲಿ ಮಾತ್ರ ಒಂದೇ ಅಂಕಿ ನುಡಿದು ಅದ್ವೈತವಾಗುತ್ತವೆ. ಉತ್ತರ ಮಿನ್ನೆಸೋಟದಲ್ಲಿ ಈ ಅನುಭವಕ್ಕೆ ತಪಸ್ಸು ಬೇಕಿಲ್ಲ. ಕೆಲವು ಜನವರಿಗಳಲ್ಲಿ ಬಾಗಿಲು ತೆರೆದರಾಯಿತು. 1996ರ ಫೆಬ್ರವರಿ 2ರಂದು ಟವರ್ ಎಂಬ ಊರಿನ ಬಳಿ ಮೈನಸ್ 60 ಫ್ಯಾರನ್‌ಹೀಟ್, ಅಂದರೆ ಮೈನಸ್ 51 ಸೆಲ್ಸಿಯಸ್ ದಾಖಲಾಗಿ, ಮತಭೇದ ಮತ್ತೆ ತಲೆಯೆತ್ತಿತು. ಅಮೆರಿಕದ ಕೃಷಿ ಇಲಾಖೆ ದೇಶವನ್ನು ಚಳಿಗೆ ತಕ್ಕಂತೆ 13 ವಲಯಗಳಾಗಿ ಹಂಚಿದೆ. ಮಿನ್ನೆಸೋಟದ ಪಾಲಿಗೆ ಬಂದದ್ದು ಬಹುಮಟ್ಟಿಗೆ 3 ಮತ್ತು 4. ಮಾವು ಕೇಳುವುದು 10. ಆದ್ದರಿಂದ ಮಾವಿನ ವಿಚಾರ ಇಲ್ಲಿಗೆ ಮುಗಿಯಿತು; ಇನ್ನು ಮುಂದೆ ‘ಫಲ’ ಎಂದರೆ ಸೇಬು.

ಪೂರ್ವಪಕ್ಷ

ಪೂರ್ವಪಕ್ಷಿ ಎದ್ದು ಹೇಳುತ್ತಾನೆ: ‘ಮರವನ್ನು ಕೊಲ್ಲುವುದು ಚಳಿ. ಇದು ಕೂಸಿಗೂ ಗೊತ್ತು. ಆದ್ದರಿಂದ ಮನೆಯ ದಕ್ಷಿಣದ ಗೋಡೆಗೆ ತಾಗಿದ ಬೆಚ್ಚನೆಯ ಜಾಗದಲ್ಲೇ ಗಿಡ ನೆಡಬೇಕು. ಚಳಿಗಾಲಕ್ಕೆ ಮುಂಚೆ ಯಥೇಚ್ಛ ಗೊಬ್ಬರ ಉಣಿಸಬೇಕು. ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು.’

ಸಿದ್ಧಾಂತ

ಇತಿ ಪ್ರಾಪ್ತೇ ಬ್ರೂಮಃ, ಅಂದರೆ ಈಗ ನಮ್ಮ ಸರದಿ. ನಾಡಿಗೆ ಒಗ್ಗಿದ ಸೇಬಿಗೆ ಚಳಿಗಿಂತ ದೊಡ್ಡ ಶತ್ರು, ಹೊತ್ತಲ್ಲದ ಹೊತ್ತಿನಲ್ಲಿ ಸಿಗುವ ಬಿಸುಪು. ಹೇತುಗಳು ನಾಲ್ಕು.

ಒಂದು: ಚಳಿ ಸೇಬಿನ ಹಕ್ಕು. ಸಾಮಾನ್ಯ ತಳಿಗಳು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸುಮಾರು 800ರಿಂದ 1,000 ಗಂಟೆ ಕಳೆಯದಿದ್ದರೆ ವಸಂತದಲ್ಲಿ ಮೊಗ್ಗು ನೆಟ್ಟಗೆ ಒಡೆಯುವುದಿಲ್ಲ.

ಎರಡು: ಹಗಲು ಕಿರಿದಾಗುತ್ತಿದ್ದಂತೆ ಮರ ಬೆಳವಣಿಗೆ ನಿಲ್ಲಿಸಿ ಮೈ ಗಟ್ಟಿಮಾಡಿಕೊಳ್ಳುತ್ತದೆ, ಜೀವಕೋಶದೊಳಗಿನ ನೀರು ಹೊರಗೆ ಸರಿದು, ಅಲ್ಲಿ ಅಪಾಯ ಮಾಡದೆ ಹೆಪ್ಪುಗಟ್ಟುತ್ತದೆ. ಆಗಸ್ಟ್‌ನಲ್ಲಿ ಸಾರಜನಕ ಗೊಬ್ಬರ ಸುರಿದ ಕರುಣಾಮಯಿಯ ಗಿಡ ಈ ಸಿದ್ಧತೆ ಬಿಟ್ಟು ಚಿಗುರುತ್ತಾ ಕೂರುತ್ತದೆ. ಮೊದಲ ಗಟ್ಟಿ ಚಳಿಗೆ ಆ ಚಿಗುರು ಕಪ್ಪಾಗುತ್ತದೆ.

ಮೂರು: ಫೆಬ್ರವರಿಯ ಮಧ್ಯಾಹ್ನದ ಬಿಸಿಲು ಕಾಂಡದ ನೈರುತ್ಯ ಮಗ್ಗುಲನ್ನು ಕಾಯಿಸಿ ತೊಗಟೆಯನ್ನು ಎಚ್ಚರಗೊಳಿಸುತ್ತದೆ. ಸೂರ್ಯ ಮುಳುಗಿದೊಡನೆ ಎಚ್ಚರಗೊಂಡ ಭಾಗ ಹೆಪ್ಪುಗಟ್ಟಿ ಸಾಯುತ್ತದೆ, ಸೀಳುತ್ತದೆ. ನೆರಳಲ್ಲೇ ಇದ್ದ ಉತ್ತರದ ಮಗ್ಗುಲಿಗೆ ಏನೂ ಆಗಿರುವುದಿಲ್ಲ. ಪೂರ್ವಪಕ್ಷಿಯೇ ಬಂದು ಮುಟ್ಟಿ ನೋಡಬಹುದು.

ನಾಲ್ಕು: ದಕ್ಷಿಣದ ಗೋಡೆಯ ಬದಿ ಹೂವು ಬೇಗ ಅರಳುತ್ತದೆ. ನಡುಚಳಿಯಲ್ಲಿ ಮೈನಸ್ 30 ಸೆಲ್ಸಿಯಸ್ಸನ್ನು ಜಗ್ಗದೆ ತಡೆದ ಅದೇ ಮೊಗ್ಗು, ಪೂರ್ತಿ ಅರಳಿದ ಮೇಲೆ ಮೈನಸ್ 2ಕ್ಕೇ ನಲುಗತೊಡಗುತ್ತದೆ. ಮೈನಸ್ 4ಕ್ಕೆ ಹತ್ತರಲ್ಲಿ ಒಂಬತ್ತು ಹೂವು ಹೋಗುತ್ತದೆ.

ಆದ್ದರಿಂದ ಬೇಸಿಗೆಯಲ್ಲಿ ಇಡೀ ದಿನ ಬಿಸಿಲು ಬೀಳುವ, ಉತ್ತರಕ್ಕೆ ತುಸು ಇಳಿಜಾರಾದ ಬಯಲೇ ಪ್ರಶಸ್ತ. ತಗ್ಗು ವರ್ಜ್ಯ, ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಅಲ್ಲೇ ಠಿಕಾಣಿ ಹೂಡುತ್ತದೆ.

ದೃಷ್ಟಾಂತ

ಪೀಟರ್ ಗಿಡಿಯನ್ ಎಂಬಾತ 1853ರಲ್ಲಿ ಮಿನೆಟೊಂಕ ಸರೋವರದ ದಡದಲ್ಲಿ ನೆಲೆಸಿ ನೆಟ್ಟ ಸೇಬಿನ ಗಿಡಗಳು ಹೆಚ್ಚುಕಮ್ಮಿ ಎಲ್ಲವೂ ಒಂದೊಂದಾಗಿ ಸತ್ತವು. ಕೈಯಲ್ಲಿ ಉಳಿದದ್ದು ಎಂಟು ಡಾಲರ್. ಕೊಳ್ಳಬೇಕಾಗಿದ್ದದ್ದು ಚಳಿಗೊಂದು ಕೋಟು. ಆತ ಮೇನ್ ರಾಜ್ಯದಿಂದ ಸೇಬಿನ ಬೀಜ ತರಿಸಿ, ಎರಡು ಹಳೆಯ ವೇಸ್ಟ್‌ಕೋಟುಗಳನ್ನು ಸೇರಿಸಿ ಹೊಲಿದು, ಹಳೆಯ ಪ್ಯಾಂಟಿನ ಕಾಲುಗಳನ್ನು ತೋಳಾಗಿ ಹಚ್ಚಿ ತೊಟ್ಟನಂತೆ. ಆ ಬೀಜಗಳಲ್ಲೊಂದು ಬದುಕಿ, 1868ರ ಹೊತ್ತಿಗೆ ಹೆಂಡತಿಯ ಹೆಸರು ಹೊತ್ತ ‘ವೆಲ್ದಿ’ ತಳಿಯಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯ ಆ ದಾರಿಯಲ್ಲೇ ನಡೆದು 1922ರಲ್ಲಿ ಹರಾಲ್ಸನ್, 1991ರಲ್ಲಿ ಹನಿಕ್ರಿಸ್ಪ್ ತಳಿಗಳನ್ನು ಕೊಟ್ಟಿತು. ಹನಿಕ್ರಿಸ್ಪಿನ ಮೂಲ ಮರವನ್ನು ಕಿತ್ತೆಸೆಯಲು ಒಮ್ಮೆ ಗುರುತು ಹಾಕಲಾಗಿತ್ತು. ತಜ್ಞರ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದಕ್ಕೆ ಇದೂ ಪ್ರಮಾಣ, ಈ ಗ್ರಂಥಕ್ಕೂ ಇದು ಅನ್ವಯ.

ವಿವಾಹ ಪ್ರಕರಣ

‘ಹನಿಕ್ರಿಸ್ಪ್ ಗಿಡ ಎರಡು ನೆಟ್ಟೆ, ಕಾಯಿ ಏಕಿಲ್ಲ?’ ಎಂಬ ಪ್ರಶ್ನೆಗೆ ಉತ್ತರ: ಸಗೋತ್ರ. ಲೋಕದ ಹನಿಕ್ರಿಸ್ಪುಗಳೆಲ್ಲ ಒಂದೇ ಮರದ ಕಡ್ಡಿಯಿಂದ ಕಸಿಯಾದವು. ಅವುಗಳ ಪರಾಗ ತಮ್ಮತಮ್ಮಲ್ಲಿ ಕೂಡಿಬರುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿಯ ಸಂಬಂಧ ಹುಡುಕಬೇಕು. ಪಕ್ಕದ ಮನೆಯವರ ಅಂಗಳದಲ್ಲಿ ಕ್ರ್ಯಾಬ್ ಆ್ಯಪಲ್ ಎಂಬ ಪುಟ್ಟ ಕಾಡುಸೇಬು ಇದ್ದರೆ ಜಾತಕ ನೋಡಬೇಕಿಲ್ಲ. ಪುರೋಹಿತರು ಜೇನ್ನೊಣಗಳು, ಹೂವಿದ್ದಾಗ ಕೀಟನಾಶಕ ಹೊಡೆದರೆ ಮದುವೆ ನಿಲ್ಲುತ್ತದೆ.

ಸ್ಥಾಪನಾ ವಿಧಿ

ಮುಹೂರ್ತ: ಮಣ್ಣು ಕರಗಿ ಗುದ್ದಲಿಗೆ ಸಿಗುವ ಏಪ್ರಿಲ್–ಮೇ. ಗುಂಡಿ ಆಳಕ್ಕಿಂತ ಅಗಲವಿರಲಿ. ಕಸಿ ಕಟ್ಟಿದ ಗಂಟು ನೆಲದಿಂದ ಎರಡು-ಮೂರು ಅಂಗುಲ ಮೇಲಿರಬೇಕು. ಮಣ್ಣಲ್ಲಿ ಹೂತರೆ ಮೇಲಿನ ತಳಿ ತಾನೇ ಬೇರುಬಿಟ್ಟು, ಗಿಡ್ಡ ಬೇರಿಗೆ ಕಸಿ ಮಾಡಿದ ಗಿಡ್ಡ ಮರ ದೊಡ್ಡ ಮರವಾಗುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಕಾಂಡಕ್ಕೆ ಬಿಳಿ ಪಟ್ಟಿ ಸುತ್ತಿ, ವಸಂತದಲ್ಲಿ ಬಿಚ್ಚಿ; ಮೂರನೆಯ ಹೇತುವಿಗೆ ಅದೇ ಪರಿಹಾರ.

ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಡ್ಡಾಯ. ಅದರ ಎತ್ತರವನ್ನು ನೆಲದಿಂದ ಅಳೆಯುವುದು ಶಾಸ್ತ್ರವಿರುದ್ಧ, ಹಿಮದ ಮೇಲಿಂದ ಅಳೆಯಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರೂ, ಎರಡಡಿ ಹಿಮದ ಮೇಲೆ ನಿಂತ ಮೊಲದ ಬಾಯಿ ಎರಡಡಿ ಮೇಲಕ್ಕೆ ಎಟಕುತ್ತದೆಂಬುದನ್ನು ಒಪ್ಪಲೇಬೇಕು. ಅದು ತೊಗಟೆಯನ್ನು ಸುತ್ತಲೂ ತಿಂದರೆ ಮರ ಸತ್ತಂತೆಯೇ.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಪಠಿಸಿದವರಿಗೆ ಯಾವ ಫಲವೂ ಇಲ್ಲ. ಗಿಡ್ಡ ಬೇರಿಗೆ ಕಸಿ ಮಾಡಿದ ಗಿಡ ನೆಟ್ಟವರಿಗೆ ಮೂರು-ನಾಲ್ಕು ವರ್ಷದಲ್ಲಿ ಉಂಟು. ಬೀಜ ಬಿತ್ತಿದವರು ಎಂಟು-ಹತ್ತು ವರ್ಷ ಕಾಯಬೇಕು, ಆಮೇಲೂ ಹಣ್ಣು ಹುಳಿಯಾಗಬಹುದು. ಆದ್ದರಿಂದ ಏಪ್ರಿಲ್‌ನಲ್ಲಿ ನರ್ಸರಿಗೆ ಹೋಗಿ, ಎರಡು ಗೋತ್ರದ ಎರಡು ಗಿಡ ತನ್ನಿ. ಗೊಬ್ಬರದ ಚೀಲವನ್ನು ಜುಲೈ ಆದಮೇಲೆ ಮುಟ್ಟಬೇಡಿ.