ಮೂಗುದಾರವೂ ಬೂಸ್ಟರೂ

ಹಳೇ ವ್ಯಾನಿಗೆ ಮಂಚ, ಒಲೆ, ನೀರಿನ ಡ್ರಮ್ಮು ಏರಿಸಿ ಮನೆ ಮಾಡಿದ್ದಾಯಿತು. ಕಡೂರಿನ ಬಯಲಲ್ಲಿ ಬ್ರೇಕಿನ ನೆನಪೇ ಬರಲಿಲ್ಲ. ಬಂದದ್ದು ಕೆಮ್ಮಣ್ಣುಗುಂಡಿಯಿಂದ ತರೀಕೆರೆಗೆ ಇಳಿಯುವಾಗ. ಪೆಡಲು ಕಳಿತ ಬಾಳೆಹಣ್ಣಿನಂತೆ ಮೆತ್ತಗಾಯಿತು. ಹಿಂದೆ ಕೂತಿದ್ದ ಅತ್ತೆ ಕಲ್ಲತ್ತಿಗಿರಿಯ ವೀರಭದ್ರನನ್ನು ಕರೆದರು, ನಾನು ಮೊದಲನೇ ಗೇರನ್ನು. ಇಬ್ಬರೂ ಓಗೊಟ್ಟರು.

ತರೀಕೆರೆಯ ಮೇಸ್ತ್ರಿ ಮುಚ್ಚಳ ತೆಗೆದು, "ಇದು ಬ್ರೇಕ್ ಆಯಿಲ್ಲೋ ಕಷಾಯವೋ ಸ್ವಾಮಿ?" ಎಂದರು. ಆ ಆಯಿಲ್ಲು ವರ್ಷಗಟ್ಟಲೆ ಗಾಳಿಯ ತೇವ ಹೀರುತ್ತದೆ; ಬ್ರೇಕು ಕಾದಾಗ ಆ ನೀರು ಕುದ್ದು ಗುಳ್ಳೆಯಾಗುತ್ತದೆ. ಗುಳ್ಳೆಯನ್ನು ಎಷ್ಟು ತುಳಿದರೇನು! ಮುಂದಿನ ಚಕ್ರಕ್ಕೆ ಡಿಸ್ಕ್, ಜತೆಗೆ ತುಳಿತಕ್ಕೆ ಬಲ ಕೂಡಿಸುವ ಒಂದು ಬೂಸ್ಟರ್ ಹಾಕಿಬಿಡಿ ಎಂದೆ. "ಡೀಸೆಲ್ ಎಂಜಿನ್ನು, ಬೂಸ್ಟರಿನ ವ್ಯಾಕ್ಯೂಮಿಗೆ ಬೇರೆ ಪಂಪು ಬೇಕು. ಮಾಸ್ಟರ್ ಸಿಲಿಂಡರೂ ಹೊಂದಬೇಕು..." ಅವರು ಒಂದೊಂದೇ ಬೆರಳು ಮಡಚಿದಂತೆ ನನ್ನ ಜೇಬು ಮಡಚಿಕೊಂಡಿತು.

ಅಜ್ಜಂಪುರದ ಮಾವನವರಿಗೆ ಹೇಳಿದೆ. ಹೈದರಾಲಿ, ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ತಳಿಯ ಕೇಂದ್ರವಿರುವ ಊರು, ಬಿಗುಮಾನ ಕೇಳಬೇಕೆ? "ನಮ್ಮೆತ್ತಿಗೆ ಯಾವ ಬೂಸ್ಟರಿತ್ತು? ಮೂಗುದಾರ ಜಗ್ಗಿದ್ರೆ ನಿಲ್ತಿತ್ತು" ಎಂದರು. ಅದೇ ಎತ್ತು ಒಮ್ಮೆ ಅವರನ್ನು ಗಾಡಿ ಸಮೇತ ಕೆರೆಗಿಳಿಸಿದ್ದನ್ನು ಅತ್ತೆ ಅಡುಗೆಮನೆಯಿಂದಲೇ ನೆನಪಿಸಿದರು.

ಪಂಪಿಗೆ ಮುಂಗಡ ಕೊಟ್ಟು ಬಂದಿದ್ದೇನೆ.