ಹೋದದ್ದು ಬರೀ ಗೇರ್ ಬಾಕ್ಸಲ್ಲ

ಅಕ್ಕಾ, ಬಟ್ಟೆ ಆಮೇಲೆ ಹರವಿದ್ರಾಯ್ತು, ಸ್ವಲ್ಪ ಈ ಕಡೆ ಬನ್ನಿ. ನಮ್ಮ ಗಾಡಿ ಮತ್ತೆ ಕೈ ಕೊಡ್ತು. ಇಲ್ಲೇ ನೈರೋಬಿಯ ಮೊಂಬಾಸಾ ರೋಡಲ್ಲಿ, ಕ್ಯಾಪಿಟಲ್ ಸೆಂಟರ್ ಹತ್ತಿರ, ಸಾಯಂಕಾಲದ ಜಾಮಲ್ಲಿ! ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಹಿಂದೆ ಮಟಾಟು ವ್ಯಾನುಗಳ ಹಾರ್ನು, ಪಕ್ಕದಲ್ಲಿ ಮಗು ಅಳು.

ಕಂಪನಿ ವರ್ಕ್‌ಶಾಪಿಗೆ ಎಳೆಸ್ಕೊಂಡು ಹೋದ್ವಿ. ಯಾವ ಕಂಪನಿ ಅಂತ ಹೇಳಲ್ಲ, ಬಿಡಿ. ಕಂಪ್ಯೂಟರ್ ಸಿಕ್ಕಿಸಿ ನೋಡಿದ್ರು, 'ಸಿವಿಟಿ, ಅಂದ್ರೆ ಗೇರ್ ಬಾಕ್ಸು, ಹೋಗಿದೆ, ಪೂರ್ತಿ ಬದಲಾಯಿಸ್ಬೇಕು' ಅಂದ್ರು. ಕೇಳಿದ ದುಡ್ಡು ಗಾಡಿ ಬೆಲೆಯ ಮೂರನೇ ಒಂದು ಭಾಗ. ಬಿಚ್ಚಿ ನೋಡಿ ಅಂದ್ರೆ, ಇಲ್ಲಿ ಬಿಚ್ಚಲ್ಲ ಅಂತಾರೆ. ಮೇಲೆ ಇನ್ನೊಂದು ಮಾತು: 'ಇದು ಜಪಾನಿಂದ ಸೆಕೆಂಡ್ ಹ್ಯಾಂಡ್ ಬಂದಿದ್ದು, ನಾವು ಮಾರಿದ್ದಲ್ಲ.' ಅಲ್ಲಾ ಅಕ್ಕಾ, ಬಾನೆಟ್ ಮೇಲಿರೋ ಹೆಸರು ಅವರದ್ದೇ ತಾನೇ? ಈ ಕೀನ್ಯಾದಲ್ಲಿ ಹೊಸ ಗಾಡಿ ಕೊಳ್ಳೋರು ಎಷ್ಟು ಜನ? ಎಂಟು ವರ್ಷಕ್ಕಿಂತ ಹಳೇದನ್ನ ತರಬಾರದು ಅಂತ ಸರ್ಕಾರದ ನಿಯಮ ಇದೆ, ಅದರೊಳಗಿನದ್ದನ್ನೇ ಹಡಗಲ್ಲಿ ಮೊಂಬಾಸಾಗೆ ಇಳಿಸ್ಕೊಂಡು ಎಲ್ಲರೂ ಓಡಿಸ್ತಾರೆ.

ಕೊನೆಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಸ್ತೆ ಬದಿಯ ಒಬ್ಬ ಮೆಕ್ಯಾನಿಕ್, ಇಲ್ಲಿಯವರು ಫುಂಡಿ ಅಂತಾರಲ್ಲ, ಆತನ ಹತ್ರ ಹೋದ್ವಿ. ಆತ ಅಡಿಯಲ್ಲಿ ಮಲಗಿ ಗೇರ್ ಬಾಕ್ಸಿನ ತಟ್ಟೆ ಬಿಚ್ಚಿದ. ಕಪ್ಪಗಾದ ಎಣ್ಣೆಯನ್ನ ಎರಡು ಬೆರಳಲ್ಲಿ ಉಜ್ಜಿ, 'ಮಾಮಾ, ಓನಾ', ನೋಡಮ್ಮಾ ಅಂತ ಬಿಸಿಲಿಗೆ ಹಿಡಿದ. ಬೆಳ್ಳಿ ಪುಡಿ ಥರ ಮಿನುಗ್ತಿತ್ತು. ಇದರೊಳಗೆ ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟಂತೆ. ಎಣ್ಣೆ ಕೆಟ್ರೆ ಬೆಲ್ಟು ಜಾರಿ ಪುಲ್ಲಿನ ಗೀರುತ್ತೆ, ಆ ಪುಡೀನೇ ಇದು ಅಂದ. ಸಿವಿಟಿಗೆ ಅದರದ್ದೇ ಎಣ್ಣೆ ಹಾಕ್ಬೇಕು, ಕಾಲಕಾಲಕ್ಕೆ ಬದಲಾಯಿಸ್ಬೇಕು ಅಂತ ಬಿಡಿಸಿ ಹೇಳಿದ್ದು ಈ ಫುಂಡಿ. ಅದೇ ವರ್ಕ್‌ಶಾಪಲ್ಲಿ ಹೋದ ಸಲ ಸರ್ವೀಸಿಗೆ ಬಿಟ್ಟಾಗ, ಈ ಎಣ್ಣೆ ಗಾಡಿ ಇರೋವರೆಗೂ ಬರುತ್ತೆ ಅಂದಿದ್ರು! ನನಗೆ ಹೊಟ್ಟೆ ಉರಿದದ್ದು ಇದಕ್ಕೇ.

ಈಗ ನಮ್ಮನೆಯವರು ಗ್ರೋಗನ್‌ಗೆ, ಅದೇ ಕಿರಿನ್ಯಾಗಾ ರೋಡಿಗೆ, ಹಳೇ ಗೇರ್ ಬಾಕ್ಸ್ ಹುಡುಕೋಕೆ ಹೋಗಿದಾರೆ. ಅಂಗಡಿ ಮುಂದೆ ಎಣ್ಣೆ ಸೋರ್ತಿರೋ ಬಾಕ್ಸುಗಳನ್ನ ಸಾಲಾಗಿ ಇಟ್ಟಿರ್ತಾರೆ. ಒಳಗೆ ಹೇಗಿದೆ ಅಂತ ಕೂರಿಸಿದ ಮೇಲೇ ಗೊತ್ತಾಗೋದು.

ಗಾಡಿ ಕೆಡೋದು ನನಗೆ ಹೊಸದಲ್ಲ. ತಿಪಟೂರಲ್ಲಿ ನಮ್ಮಪ್ಪನ ಅಂಬಾಸಿಡರ್ ಮದುವೆಗೆ ಹೊರಟಾಗೆಲ್ಲ ಕೆಡ್ತಿತ್ತು. ಆದರೂ ಅಪ್ಪ ಅದನ್ನ ಮಾರ್ಲಿಲ್ಲ. ಯಾಕೆ ಹೇಳಿ? ಯಾವ ಹಳ್ಳಿಯಲ್ಲಿ ನಿಂತ್ರೂ ಒಬ್ಬ ಮೆಕ್ಯಾನಿಕ್ ಸ್ಪ್ಯಾನರ್ ಹಿಡ್ಕೊಂಡು ಬರ್ತಿದ್ದ, ಸಂಜೆಯೊಳಗೆ ಮನೆ ಸೇರ್ತಿದ್ವಿ. ಈ ಊರಲ್ಲೂ ಹಿಂದೆ ಪ್ಯೂಜೋ ಅಂದ್ರೆ ಜನ ಪ್ರಾಣ ಬಿಡ್ತಿದ್ರಂತೆ. ಸಫಾರಿ ರ್‍ಯಾಲಿಯಲ್ಲಿ 1966, 67, 68 ಮೂರೂ ವರ್ಷ ಪ್ಯೂಜೋ 404 ಗೆದ್ದಿತ್ತು, 1975ರಲ್ಲೂ 78ರಲ್ಲೂ 504. ಈಗ ಬೀದಿ ತುಂಬ ಟೊಯೋಟಾ. ಆ ಪ್ರೊಬಾಕ್ಸ್ ನೋಡೋಕೆ ಚೆಂದ ಇಲ್ಲ, ಕೂರೋಕೆ ಸುಖ ಇಲ್ಲ, ಆದರೂ ಮಾರೋಕೆ ಇಟ್ರೆ ಬೇಗ ಹೋಗುತ್ತೆ. ಬಿಡಿಭಾಗ ಎಲ್ಲಿ ಬೇಕಾದ್ರೂ ಸಿಗುತ್ತೆ, ಯಾವ ಫುಂಡಿ ಬೇಕಾದ್ರೂ ಬಿಚ್ತಾನೆ. ಜನಕ್ಕೆ ಬೇಕಾಗಿರೋದು ಅಷ್ಟೇ ಅಕ್ಕಾ. ಕೆಟ್ಟಾಗ ಮುಖ ತಿರುಗಿಸೋರ ಹತ್ರ ಯಾರು ಮತ್ತೆ ಹೋಗ್ತಾರೆ? ನಾವಂತೂ ಹೋಗಲ್ಲ. ಹದಿನೈದು ವರ್ಷದಿಂದ ಅದೇ ಕಂಪನಿ ಗಾಡಿ ಇಟ್ಕೊಂಡಿದ್ದ ನಮ್ಮನೆಯವರೇ ನಿನ್ನೆ ರಾತ್ರಿ 'ಸಾಕು' ಅಂದ್ಬಿಟ್ರು.

ನಿಮ್ಮನೆಯವರೂ ಗಾಡಿ ನೋಡ್ತಿದಾರಂತಲ್ಲ? ದುಡ್ಡು ಕೊಡೋ ಮುಂಚೆ ಗೇರ್ ಬಾಕ್ಸ್ ಎಣ್ಣೆ ತೆಗೆಸಿ ನೋಡೋಕೆ ಹೇಳಿ. ಆ ಫುಂಡಿ ಶನಿವಾರ ನಮ್ಮ ಗೇಟಿಗೇ ಬರ್ತಾನೆ, ನಿಮ್ಮನ್ನೂ ಕೂಗ್ತೀನಿ.