ರಜೆಯ ಹವಾಲ್ದಾರರು

ನಮ್ಮ ಕೊಡವರ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಬಾನಿಗೊಂದು ಗುಂಡು ಹಾರಿಸುವ ಪದ್ಧತಿ. ಅಣ್ಣ ಅದನ್ನೇ ನೇಮಕಾತಿ ಆದೇಶ ಅಂದುಕೊಂಡನೇನೋ, ಸೈನ್ಯ ಸೇರಿಬಿಟ್ಟ. ನನಗೆ ಗುಂಡೂ ಇಲ್ಲ, ಸದ್ದೂ ಇಲ್ಲ!

ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯನವರ ನಾಡು ನೋಡಿ. ತಿಮ್ಮಯ್ಯನವರ ಮಡಿಕೇರಿಯ ಮನೆ ಈಗ ಮ್ಯೂಸಿಯಂ. ನಮ್ಮದೂ ಅಷ್ಟೆ: ಬಿಳಿ ಬಣ್ಣದಲ್ಲಿ ಅಣ್ಣನ ನಂಬರು ಬರೆದ ಕಪ್ಪು ಟ್ರಂಕುಗಳು ಮೂರು. ರಜೆಗೆ ಬಂದರೆ ಬೆಳಿಗ್ಗೆ 5ಕ್ಕೇ ಮನೆಮಂದಿಗೆಲ್ಲ ಪೆರೇಡು. ಹೊದಿಕೆ ಚೌಕವಾಗಿ ಮಡಿಸಿಲ್ಲವೆಂದು ನನಗೆ ಬೈಗುಳ. ಅವ್ವ ಇನ್ನೊಂದು ಕಡಂಬುಟ್ಟು ಬಡಿಸಿದರೆ ಮಾತ್ರ ಹವಾಲ್ದಾರರು ತುಟಿಪಿಟಿಕ್ಕೆನ್ನರು. ಕ್ಯಾಂಟೀನಿನ ರಮ್ಮು ಬಂದ ದಿನ ಮಾವಂದಿರಿಗೂ ಅವನ ಮೇಲೆ ಅಕ್ಕರೆ ಉಕ್ಕುತ್ತದೆ.

ಹೊರಡುವ ಹಿಂದಿನ ರಾತ್ರಿ ಅವನ ಬೂಟಿಗೆ ಪಾಲಿಶ್ ನನ್ನದೇ. ತಪ್ಪು ಹುಡುಕಲು ದೀಪಕ್ಕೆ ಹಿಡಿದು ನೋಡುತ್ತಾನೆ. ಈ ಸಲ ಏನೂ ಸಿಗಲಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಬರುತ್ತೇನೆಂದಿದ್ದಾನೆ, ಕಳೆದ ವರ್ಷವೂ ಹಾಗೇ ಅಂದಿದ್ದ.